ರಾಜೀನಾಮೆ ಕೊಟ್ಟು ವೆಂಡರ್ ಪೇರೋಲ್‌ಗೆ ಬನ್ನಿ ಅಂತಿದಾರೆ, ಸಹಿ ಹಾಕಬೇಕಾ? (ಶಿವಮೊಗ್ಗ, ಮೆಡಿಕಲ್ ಬಿಲ್ಲಿಂಗ್)

ಪೋಸ್ಟಿಂಗ್_ಡೆಸ್ಕ್

ಎಲ್ಲರಿಗೂ ನಮಸ್ಕಾರ. ಕಂಪನಿ ಹೆಸರು ಹಾಕಲ್ಲ, ದಯವಿಟ್ಟು ಯಾರೂ ಊಹೆ ಮಾಡಿ ಕೆಳಗೆ ಬರೀಬೇಡಿ. ಶಿವಮೊಗ್ಗದಲ್ಲೇ ಇರೋ ಮೆಡಿಕಲ್ ಬಿಲ್ಲಿಂಗ್ ಆಫೀಸು. ಅಮೆರಿಕದ ಕ್ಲಿನಿಕ್‌ಗಳ ಬಿಲ್ಲನ್ನ ಇನ್ಶೂರೆನ್ಸ್‌ಗೆ ಕಳಿಸೋದು, ಬಂದ ದುಡ್ಡನ್ನ ಪೇಷಂಟ್ ಲೆಕ್ಕಕ್ಕೆ ಹಾಕೋದು, ಬರದೇ ಇದ್ದದ್ದನ್ನ ಫೋನ್ ಮಾಡಿ ಕೇಳೋದು. ನಾನು ಪೇಮೆಂಟ್ ಪೋಸ್ಟಿಂಗ್‌ನಲ್ಲಿ, ಅಂದ್ರೆ ಬಂದ ದುಡ್ಡನ್ನ ಲೆಕ್ಕಕ್ಕೆ ಹಾಕೋ ಕೆಲಸದಲ್ಲಿ, ಆರು ವರ್ಷದಿಂದ ಇದೀನಿ.

ಹೋದ ತಿಂಗಳು ಬೆಂಗಳೂರಿಂದ ಮ್ಯಾನೇಜ್‌ಮೆಂಟ್‌ನವರು ಬಂದು ಮೀಟಿಂಗ್ ಕರೆದ್ರು. ಚಾರ್ಜ್ ಎಂಟ್ರಿ (ಬಿಲ್ಲಿನ ವಿವರ ತುಂಬೋದು), ಪೋಸ್ಟಿಂಗ್ ಎರಡನ್ನೂ ಒಂದು ವೆಂಡರ್‌ಗೆ ಕೊಡ್ತಿದೀವಿ, ನೀವೆಲ್ಲ ಅವರ ಪೇರೋಲ್‌ಗೆ ಹೋಗ್ತೀರಿ, ಅದೇ ಸೀಟು, ಅದೇ ಕೆಲಸ, ಏನೂ ಬದಲಾಗಲ್ಲ ಅಂದ್ರು. ಕೈಗೆ ಬಂದ ಕಾಗದದಲ್ಲಿ ಬೇರೆಯೇ ಇದೆ. ಒಂದು ರಾಜೀನಾಮೆ ಪತ್ರ, ಮೊದಲೇ ಟೈಪ್ ಮಾಡಿದ್ದು. "ವೈಯಕ್ತಿಕ ಕಾರಣಗಳಿಂದ" ಅಂತ ಅವರೇ ಪ್ರಿಂಟ್ ಹಾಕಿದಾರೆ. ಹೆಸರು, ಎಂಪ್ಲಾಯಿ ನಂಬರ್, ಸಹಿಗೆ ಮಾತ್ರ ಜಾಗ ಖಾಲಿ. ತಾರೀಕಿನ ಜಾಗವನ್ನ ಬರೀಬೇಡಿ, ನಾವು ಹಾಕ್ಕೊಳ್ತೀವಿ ಅಂದ್ರು. ವೆಂಡರ್ ಆಫರ್ ಲೆಟರ್‌ನಲ್ಲಿ ಬೇಸಿಕ್ ಕಮ್ಮಿ, ಆರು ತಿಂಗಳು ಪ್ರೊಬೇಷನ್, ಸರ್ವಿಸ್ ಸೊನ್ನೆಯಿಂದ ಶುರು.

ಇದರ ಮಧ್ಯೆ ವೆಂಡರ್ ಕಡೆಯ ಹೊಸ ಹುಡುಗ ಹುಡುಗೀರು ಬಂದು ನಮ್ಮ ಪಕ್ಕ ಕೂತಿದಾರೆ. ಅವರಿಗೆ ಕೆಲಸ ಕಲಿಸಬೇಕು. ಐಡಿ ಬರೋ ತನಕ ನಿಮ್ಮ ಲಾಗಿನ್ ಕೊಡಿ ಅಂತಿದಾರೆ ಟಿಎಲ್ (ಟೀಮ್ ಲೀಡರ್). ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು ಸೇರಿದಾಗಿಂದ ಎಚ್‌ಆರ್ ಬೀರುವಿನಲ್ಲಿದೆ. ಶುಕ್ರವಾರದೊಳಗೆ ಸಹಿ ಹಾಕದಿದ್ರೆ "ನಿಮ್ಮ ರೋಲ್ ಇರಲ್ಲ" ಅಂತ ಬಾಯಲ್ಲಿ ಹೇಳ್ತಾರೆ, ಮೇಲ್ ಮಾಡಲ್ಲ. ಬೆಂಗಳೂರಿಗೆ ಹೋಗೋ ಪರಿಸ್ಥಿತಿ ನನಗಿಲ್ಲ. ಮನೇಲಿ ಅತ್ತೆ ಹಾಸಿಗೆ ಹಿಡಿದಿದಾರೆ, ಮಗ ಮೂರನೇ ಕ್ಲಾಸು. ಏನು ಮಾಡ್ಲಿ?

ಗೋಪಿ_ಸರ್ಕಲ್

ಸಹಿ ಹಾಕಬೇಡಿ ಅಕ್ಕ. ಮೊದಲು ಆ ಫಾರ್ಮಿನ ಫೋಟೋ ತೆಗೆದಿಟ್ಕೊಳ್ಳಿ.

ದುರ್ಗಿಗುಡಿ_82

ಹಾಕದಿದ್ರೆ ಶುಕ್ರವಾರದ ಮೇಲೆ ಸಂಬಳ ಯಾರು ಕೊಡ್ತಾರೆ? ಧೈರ್ಯ ಹೇಳೋದು ಸುಲಭ. ನನ್ನ ತಂಗಿ ಹೀಗೇ ಹಟ ಹಿಡಿದು ಮೂರು ತಿಂಗಳು ಮನೇಲಿ ಕೂತ್ಲು. ಐಟಿ ಬಿಪಿಒದವರಿಗೆ ಲೇಬರ್ ಕಾನೂನೇ ಇಲ್ಲ, ಗೊತ್ತಿಲ್ವಾ ನಿಮಗೆ?

ಹಳೇ_ಎಚ್‌ಆರ್

ಈ ಮಾತು ಶಿವಮೊಗ್ಗದಲ್ಲಿ ಪ್ರತಿ ಆಫೀಸಲ್ಲೂ ಓಡಾಡುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಕರ್ನಾಟಕ ಸರ್ಕಾರ ಐಟಿ, ಬಿಪಿಒಗಳಿಗೆ ವಿನಾಯಿತಿ ಕೊಟ್ಟಿದ್ದು 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನ ಬರಹದಲ್ಲಿ ಇಡಬೇಕು ಅನ್ನೋ ಕಾಯ್ದೆ) ಮಾತ್ರ. ಅದೂ ಷರತ್ತು ಹಾಕಿ: ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು, ಯಾರನ್ನಾದ್ರೂ ಕೆಲಸದಿಂದ ತೆಗೆದ್ರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಪಿಎಫ್, ಗ್ರಾಚ್ಯುಟಿ, ಕೆಲಸದಿಂದ ತೆಗೆಯುವಾಗಿನ ಪರಿಹಾರ, ಇವುಗಳಿಂದ ಆ ಆದೇಶದಲ್ಲಿ ಯಾವ ವಿನಾಯಿತಿಯೂ ಇರಲಿಲ್ಲ.

ಈಗ ನಿಮ್ಮ ವಿಷಯ. ನಿಮ್ಮನ್ನ ಅವರು ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ನೀವಾಗಿ ರಾಜೀನಾಮೆ ಕೊಟ್ಟರೆ ಇದು ಯಾವುದೂ ಇಲ್ಲ. "ವೈಯಕ್ತಿಕ ಕಾರಣ" ಅಂತ ಅವರೇ ಯಾಕೆ ಟೈಪ್ ಮಾಡಿದಾರೆ ಅಂತ ಈಗ ಅರ್ಥ ಆಯ್ತಲ್ಲ.

ಗ್ರಾಚ್ಯುಟಿಗೆ ಐದು ವರ್ಷ ಬೇಕು, ನಿಮಗೆ ಆರಾಗಿದೆ. ಕೊನೆಯ ಬೇಸಿಕ್ 12,000 ಅಂತ ಇಟ್ಕೊಳ್ಳಿ. 12,000ವನ್ನ 15ರಿಂದ ಗುಣಿಸಿ 26ರಿಂದ ಭಾಗಿಸಿ, ಆರು ವರ್ಷಕ್ಕೆ ಸುಮಾರು 41,500 ರೂಪಾಯಿ. ಇದು ರಾಜೀನಾಮೆ ಕೊಟ್ಟರೂ ನಿಮಗೇ ಸೇರಬೇಕು. ಬೇಸಿಕ್ ಸಣ್ಣದು ಮಾಡಿ ಅಲೋಯನ್ಸ್ ದೊಡ್ಡದು ಮಾಡೋ ಆಟಕ್ಕೂ ಹೊಸ ಸಂಹಿತೆಯಲ್ಲಿ ತಡೆ ಇದೆ. ಅಲೋಯನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದ್ದು ವೇತನಕ್ಕೇ ಸೇರುತ್ತೆ. ಆದ್ರೆ ವೆಂಡರ್ ಹತ್ರ ಹೊಸದಾಗಿ ಸೇರಿದ ಮೇಲೆ ಮುಂದಿನ ಐದು ವರ್ಷದ ಲೆಕ್ಕ ಮೊದಲಿಂದ. ಅದು ಬೇಡ ಅಂದ್ರೆ "ಹಿಂದಿನ ಸರ್ವಿಸ್ ಮುಂದುವರಿಯುತ್ತೆ, ಸಂಬಳ, ಷರತ್ತು ಕೆಳಗಿಳಿಯಲ್ಲ, ಮುಂದೆ ತೆಗೆದ್ರೆ ಹಳೇ ಸರ್ವಿಸ್ ಸೇರಿಸಿ ಪರಿಹಾರ ಕೊಡೋಕೆ ಹೊಸ ಮಾಲೀಕರೇ ಹೊಣೆ" ಅಂತ ಕಂಪನಿ, ವೆಂಡರ್, ನೀವು ಮೂವರೂ ಸಹಿ ಹಾಕಿದ ಪತ್ರ ಕೇಳಿ. ಸಂಸ್ಥೆ ಕೈ ಬದಲಾಗುವಾಗ ಈ ಮೂರೂ ಇಲ್ಲದಿದ್ರೆ ಪರಿಹಾರ ಕೊಡಬೇಕು ಅಂತ ಕಾನೂನಿದೆ. ನಿಮ್ಮದು ಕೈ ಬದಲಾವಣೆಯೋ ಬರೀ ಗುತ್ತಿಗೆಯೋ ಅನ್ನೋದನ್ನ ವಕೀಲರು ಕಾಗದ ನೋಡಿ ಹೇಳಬೇಕು.

ಲಾಗಿನ್ ಮಾತ್ರ ಕೊಡಬೇಡಿ. ಇದನ್ನ ಬೇರೆ ಯಾರಾದ್ರೂ ವಿವರವಾಗಿ ಬರೀರಿ.

ಎಆರ್_ಕಾಲರ್_ಸಾಗರ

ಲಾಗಿನ್ ವಿಷಯ ನಾನು ಬರೀತೀನಿ. ಅಮೆರಿಕದ ಹಿಪಾ ಕಾನೂನು (1996) ಪ್ರಕಾರ ಪೇಷಂಟ್ ಮಾಹಿತಿ ನೋಡೋ ಪ್ರತಿಯೊಬ್ಬರಿಗೂ ಅವರದೇ ಐಡಿ ಇರಬೇಕು. ನಿಮ್ಮ ಐಡಿಯಲ್ಲಿ ಯಾರು ಏನು ಮಾಡಿದ್ರೂ ಆಡಿಟ್‌ನಲ್ಲಿ ನಿಮ್ಮ ಹೆಸರೇ ಬರ್ತದೆ. ನಮ್ಮಲ್ಲಿ ಒಬ್ಬಳು ಪಾಪ ಹೀಗೇ ಕೊಟ್ಟಿದ್ದಳು, ಅವಳ ಐಡಿಯಿಂದ ಯಾರೋ ರೈಟ್ ಆಫ್ (ಬರಬೇಕಾದ ದುಡ್ಡು ಬೇಡ ಅಂತ ಬಿಟ್ಟುಬಿಡೋ ಎಂಟ್ರಿ) ಹಾಕಿದ್ರು. ಎಸ್ಕಲೇಷನ್ ಬಂದಾಗ ಟಿಎಲ್ "ನಾನು ಹೇಳೇ ಇಲ್ಲ" ಅಂದ್ರು. "ದಯವಿಟ್ಟು ಲಾಗಿನ್ ಹಂಚಿಕೊಳ್ಳಲು ಮೇಲ್‌ನಲ್ಲಿ ಅನುಮತಿ ಕೊಡಿ" ಅಂತ ಒಂದು ಸಾಲು ಬರೆದು ಕಳಿಸಿ. ಉತ್ತರ ಬರಲ್ಲ, ಕೇಳೋದೂ ನಿಲ್ತದೆ.

ಟಿಎಲ್_ಆಗಿದ್ದೆ

ಎಲ್ಲರೂ ಮ್ಯಾನೇಜ್‌ಮೆಂಟ್‌ನ ಬೈತಿದೀರಿ, ಒಳಗಿನ ಲೆಕ್ಕ ಯಾರೂ ಹೇಳ್ತಿಲ್ಲ. ಬಿಲ್ಲಿಂಗ್ ಕಂಪನಿಗೆ ಕ್ಲೈಂಟ್ ಕೊಡೋದು ಹೆಚ್ಚಾಗಿ ವಸೂಲಾದ ದುಡ್ಡಿನಲ್ಲಿ ಇಂತಿಷ್ಟು ಶೇಕಡಾ, ಇಲ್ಲಾಂದ್ರೆ ತಲೆಗಿಷ್ಟು ಅಂತ. ಕಾಂಟ್ರಾಕ್ಟ್ ರಿನ್ಯೂ ಆಗೋವಾಗೆಲ್ಲ ರೇಟ್ ಇಳಿಸಿ ಅಂತಾರೆ. ಮೇಲಾಗಿ ಪೋಸ್ಟಿಂಗ್ ಕೆಲಸ ಮೊದಲಿನಷ್ಟು ಉಳಿದಿಲ್ಲ. ಇನ್ಶೂರೆನ್ಸ್‌ನವರು ಇಆರ್‌ಎ ಫೈಲ್ (ಯಾವ ಬಿಲ್ಲಿಗೆ ಎಷ್ಟು ಕೊಟ್ರು ಅನ್ನೋ ವಿವರ) ಕಳಿಸ್ತಾರೆ, ಸಾಫ್ಟ್‌ವೇರ್ ತಾನೇ ಪೋಸ್ಟ್ ಮಾಡುತ್ತೆ, ಮನುಷ್ಯರಿಗೆ ಉಳಿಯೋದು ಅದಕ್ಕೆ ಆಗದ ಎಕ್ಸೆಪ್ಷನ್ ಮಾತ್ರ. ಹತ್ತು ಜನರ ಕೆಲಸ ನಾಲ್ಕು ಜನಕ್ಕೆ ಬಂದಾಗ ಕಂಪನಿ ಏನು ಮಾಡಬೇಕು?

ನಾನು ಆ ಕುರ್ಚಿಯಲ್ಲಿ ಕೂತಿದ್ದೆ. ಹೆಸರುಗಳ ಪಟ್ಟಿ ಮೇಲಿಂದ ಬರೋದು, ನನ್ನ ಟೀಮಿನ ಹುಡುಗೀರಿಗೆ ನಾನು ಓದಿ ಹೇಳಬೇಕಿತ್ತು. ಎಲ್ಲ ಟಿಎಲ್‌ಗಳೂ ಕೆಟ್ಟವರಲ್ಲ.

ಗೋಪಿ_ಸರ್ಕಲ್

ಸರ್, ಕೆಲಸ ಕಮ್ಮಿ ಆಗಿದ್ರೆ ಹಾಗೇ ಬರೆದು ಕೊಡಲಿ. ನೋಟಿಸ್ ಕೊಡಲಿ, ಪರಿಹಾರ ಕೊಡಲಿ, ಗೌರವವಾಗಿ ಕಳಿಸಲಿ. ಕಂಪನಿಗೆ ಬಂದ ಕಷ್ಟಕ್ಕೆ ಈ ಅಕ್ಕನ ಕೈಲಿ "ನನ್ನ ವೈಯಕ್ತಿಕ ಕಾರಣ" ಅಂತ ಯಾಕೆ ಬರೆಸಬೇಕು? ನನ್ನ ಪ್ರಶ್ನೆ ಅಷ್ಟೇ.

ಟಿಎಲ್_ಆಗಿದ್ದೆ

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅದು ತಪ್ಪೇ.

ಎಆರ್_ಕಾಲರ್_ಸಾಗರ

ಟಿಎಲ್ ಸರ್ ಹೇಳಿದ ಲೆಕ್ಕ ಅರ್ಧ ಮಾತ್ರ. ಉಳಿದರ್ಧ ನಮ್ಮ ಫ್ಲೋರಿನಲ್ಲಿ ನೋಡಬೇಕು. ಒಂದು ಕ್ಲೇಮ್, ಅಂದ್ರೆ ಕಳಿಸಿದ ಬಿಲ್ಲು, ಎಲ್ಲಿದೆ ಅಂತ ಕೇಳೋಕೆ ಇನ್ಶೂರೆನ್ಸ್‌ನವರಿಗೆ ಫೋನ್ ಹಚ್ಚಿದ್ರೆ ಮೊದಲು ಮಷಿನ್‌ಗೆ ಉತ್ತರ ಕೊಡಬೇಕು: ಡಾಕ್ಟರ್ ಎನ್‌ಪಿಐ (ಅವರ ಗುರುತಿನ ನಂಬರ್), ಟ್ಯಾಕ್ಸ್ ಐಡಿ, ಪೇಷಂಟ್ ಮೆಂಬರ್ ಐಡಿ, ಹುಟ್ಟಿದ ತಾರೀಕು, ಸರ್ವಿಸ್ ತಾರೀಕು. ನಮ್ಮ ಉಚ್ಚಾರ ಅದಕ್ಕೆ ತಿಳಿಯದಿದ್ರೆ ಮತ್ತೆ ಮೊದಲಿಂದ. ಆಮೇಲೆ ಹೋಲ್ಡ್ ಮ್ಯೂಸಿಕ್. ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬರು ಬಂದು "ಒಂದು ಕಾಲಿಗೆ ಮೂರೇ ಕ್ಲೇಮ್" ಅಂತಾರೆ. ಅವರ ಹೆಸರು, ರೆಫರೆನ್ಸ್ ನಂಬರ್ ಬರ್ಕೊಂಡು, ಯಾಕೆ ಡಿನೈ ಆಯ್ತು, ಅಪೀಲ್ ಎಲ್ಲಿಗೆ ಕಳಿಸಬೇಕು, ಫ್ಯಾಕ್ಸ್ ನಂಬರ್ ಏನು ಅಂತ ಬಿಡಿಸಿ ಬಿಡಿಸಿ ಕೇಳ್ಬೇಕು. ರಾತ್ರಿ ಎರಡು ಗಂಟೆಗೆ ಇದನ್ನ ಸಮಾಧಾನದಿಂದ ಮಾಡೋಕೆ ಅನುಭವ ಬೇಕು.

ಟಾರ್ಗೆಟ್ ಶೀಟಿನಲ್ಲಿ ಈ ಹೋಲ್ಡ್ ಟೈಮಿಗೆ ಜಾಗವೇ ಇಲ್ಲ. ಎಷ್ಟು ಕ್ಲೇಮ್ ಮುಟ್ಟಿದ್ರಿ ಅನ್ನೋದೊಂದೇ ಲೆಕ್ಕ. ನಮ್ಮಲ್ಲಿ ಅರ್ಧ ಕಾಲಿಂಗ್ ಹೊರಗೆ ಕೊಟ್ಟಾಗ ಆ ಕಡೆಯವರು ಏನು ಮಾಡಿದ್ರು ಗೊತ್ತಾ? ವೆಬ್‌ಸೈಟಲ್ಲಿ ಸ್ಟೇಟಸ್ ನೋಡೋದು, "ಪ್ರೊಸೆಸ್‌ನಲ್ಲಿದೆ, 30 ದಿನ ಬಿಟ್ಟು ನೋಡಿ" ಅಂತ ನೋಟ್ ಹಾಕೋದು, ಮುಂದಿನದಕ್ಕೆ ಹೋಗೋದು. ಸಂಖ್ಯೆ ಚೆನ್ನಾಗಿ ಕಂಡಿತು. ಮೆಡಿಕೇರ್‌ಗೆ (ಅಲ್ಲಿನ ಸರ್ಕಾರಿ ಇನ್ಶೂರೆನ್ಸ್) ಕ್ಲೇಮ್ ಕಳಿಸೋಕೆ ಸರ್ವಿಸ್ ದಿನದಿಂದ 12 ತಿಂಗಳು ಟೈಮಿದೆ, ಪ್ರೈವೇಟ್‌ನವರಲ್ಲಿ ಕೆಲವರು ಅದಕ್ಕಿಂತ ತುಂಬ ಕಮ್ಮಿ ಕೊಡ್ತಾರೆ. ಅಷ್ಟರೊಳಗೆ ಸರಿಮಾಡಿ ಕಳಿಸಲಿಲ್ಲ ಅಂದ್ರೆ ಸಿಒ 29, ಅಂದ್ರೆ ಅವಧಿ ಮುಗೀತು. ಆ ದುಡ್ಡನ್ನ ಪೇಷಂಟ್ ಹತ್ರ ಕೇಳೋ ಹಾಗಿಲ್ಲ, ಡಾಕ್ಟರಿಗೆ ನಷ್ಟ. ಕ್ಲೈಂಟ್ ಸಿಟ್ಟಾಗಿ ರೇಟ್ ಇಳಿಸಿದ. ರೇಟ್ ಇಳೀತು ಅಂತ ಇವರು ಇನ್ನೂ ಅಗ್ಗದ ವೆಂಡರ್ ಹುಡುಕಿದ್ರು. ಎಲ್ಲ ಆದ ಮೇಲೆ "ಟೀಮಿನ ಪರ್ಫಾರ್ಮೆನ್ಸ್ ಸರಿಯಿಲ್ಲ" ಅಂತ ಪಿಐಪಿ (ಕೆಲಸ ಸುಧಾರಿಸಿಕೊಳ್ಳಿ ಅನ್ನೋ ಎಚ್ಚರಿಕೆ) ಬಂದಿದ್ದು ನಮಗೆ.

ಪೋಸ್ಟಿಂಗ್_ಡೆಸ್ಕ್

ಸಾಗರದ ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು. ಪೋಸ್ಟಿಂಗ್‌ನಲ್ಲೂ ಹೀಗೇ ಆಗ್ತಿದೆ. ನಿನ್ನೆ ಪಕ್ಕದ ಹುಡುಗ ಸಿಒ 45 ಮೊತ್ತವನ್ನ ಪಿಆರ್‌ಗೆ ಹಾಕ್ತಿದ್ದ. ಗೊತ್ತಿಲ್ಲದವರಿಗೆ ಹೇಳ್ತೀನಿ, ಸಿಒ 45 ಅಂದ್ರೆ ಡಾಕ್ಟರ್ ಹಾಕಿದ ಬಿಲ್ಲಿಗೂ ಇನ್ಶೂರೆನ್ಸ್ ಜೊತೆ ಒಪ್ಪಿದ ರೇಟಿಗೂ ಇರೋ ವ್ಯತ್ಯಾಸ. ಅದನ್ನ ಡಾಕ್ಟರ್ ಬಿಟ್ಟುಕೊಡಬೇಕು. ಪಿಆರ್ ಅಂದ್ರೆ ಪೇಷಂಟ್ ಕಟ್ಟಬೇಕಾದ್ದು. ಇದನ್ನ ಅಲ್ಲಿ ಹಾಕಿದ್ರೆ ಯಾವುದೋ ಊರಿನ ವಯಸ್ಸಾದವರ ಮನೆಗೆ ಕಟ್ಟಬೇಕಿಲ್ಲದ ಬಿಲ್ಲು ಹೋಗುತ್ತೆ. ಅವರು ಹೆದರಿ ಕಟ್ಟಿಯೂ ಬಿಡ್ತಾರೆ. ನಾನು ತಡೆದು ಬ್ಯಾಚ್ ಪೂರ್ತಿ ವಾಪಸ್ ತೆಗೆಸಿದೆ. ಆ ಹುಡುಗನ ತಪ್ಪಲ್ಲ, ಅವನಿಗೆ ಕೊಟ್ಟಿದ್ದೇ ಎರಡು ದಿನದ ಟ್ರೈನಿಂಗ್. ಇಂಥದ್ದನ್ನ ನೋಡಿದ್ರೆ ನನಗೆ ನನ್ನ ಕೆಲಸ ಹೋಗೋದಕ್ಕಿಂತ ಹೆಚ್ಚು ಸಂಕಟ ಆಗುತ್ತೆ.

ಹೊಸ_ಬ್ಯಾಚ್

ಅಕ್ಕ, ನಾನು ನಿಮ್ಮ ಆಫೀಸಲ್ಲ, ಆದ್ರೆ ಬೇರೆ ಕಡೆ ಇದೇ ಥರ ವೆಂಡರ್ ಪೇರೋಲ್‌ನಲ್ಲಿ ಸೇರಿರೋ ಹುಡುಗ. ಬಿಕಾಂ ಮುಗಿಸಿ ಒಂದು ವರ್ಷ ಖಾಲಿ ಇದ್ದೆ. ಹಳಬರು ನಮ್ಮನ್ನ ಕಳ್ಳರ ಥರ ನೋಡ್ತಾರೆ. ಊಟಕ್ಕೂ ಜೊತೆಗೆ ಕರೆಯಲ್ಲ. ನಾವು ಯಾರ ಕೆಲಸ ಕಿತ್ಕೊಳ್ಳೋಕೂ ಬಂದಿಲ್ಲ. ನಮಗೂ ಸಂಬಳ ಹತ್ತನೇ ತಾರೀಕು ದಾಟುತ್ತೆ. ಸ್ಲಿಪ್‌ನಲ್ಲಿ ಪಿಎಫ್ ಕಟ್ ಆಗಿದೆ, ಪಾಸ್‌ಬುಕ್‌ನಲ್ಲಿ ಏನೂ ಬಂದಿಲ್ಲ. ಯಾರನ್ನ ಕೇಳಿದ್ರೂ "ವೆಂಡರ್‌ನ ಕೇಳು" ಅಂತಾರೆ, ವೆಂಡರ್ ಆಫೀಸು ಎಲ್ಲಿದೆ ಅಂತಲೇ ನಮಗೆ ಗೊತ್ತಿಲ್ಲ.

ಹಳೇ_ಎಚ್‌ಆರ್

ತಮ್ಮಾ, ಗುತ್ತಿಗೆದಾರ ಸಂಬಳ ಕೊಡದಿದ್ರೆ ಮೂಲ ಮಾಲೀಕರೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇದು ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಪಿಎಫ್‌ಗೂ ಅದೇ ನಿಯಮ, ಗುತ್ತಿಗೆಯವರ ಪಾಲು ಕಟ್ಟಿಸೋ ಹೊಣೆ ಮೂಲ ಮಾಲೀಕರದ್ದು. ಇಪಿಎಫ್‌ಒದ ದೂರು ಪೋರ್ಟಲ್ ಇದೆ. ಯುಎಎನ್ (ನಿನ್ನ ಪಿಎಫ್ ನಂಬರ್) ಹಾಕಿ, ಪಿಎಫ್ ಕಟ್ ಆದ ಸ್ಲಿಪ್ ಲಗತ್ತಿಸಿ, ವೆಂಡರ್ ಮತ್ತು ಕಂಪನಿ ಎರಡರ ಹೆಸರನ್ನೂ ಬರೀ. ಹೊಸ ಸಂಹಿತೆಯಲ್ಲಿ ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನ ಹಾಕೋದಕ್ಕೇ ನಿರ್ಬಂಧ ಇದೆ, ವಿನಾಯಿತಿಗಳೂ ಇವೆ. ಬಿಲ್ಲಿಂಗ್ ಕಂಪನಿಗೆ ಬಿಲ್ಲಿಂಗೇ ಮುಖ್ಯ ಕೆಲಸ ಅಲ್ವಾ ಅಂತ ಕಾರ್ಮಿಕ ಅಧಿಕಾರಿಯ ಮುಂದೆ ಕೇಳಬೇಕಾದ ಪ್ರಶ್ನೆ ಇದು.

ಭದ್ರಾವತಿ_ಕಾಗದನಗರ

ಇದನ್ನೆಲ್ಲ ಓದ್ತಾ ನಮ್ಮ ಊರೇ ಕಣ್ಣಮುಂದೆ ಬಂತು. ನಮ್ಮಪ್ಪ ಭದ್ರಾವತಿ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಪರ್ಮನೆಂಟ್, ಚಿಕ್ಕಪ್ಪ ಅದೇ ಶಾಪಿನಲ್ಲಿ ಗುತ್ತಿಗೆ. ಒಂದೇ ಬಿಸಿ, ಒಂದೇ ಧೂಳು, ಸಂಬಳ ಮಾತ್ರ ಬೇರೆ. 2023ರ ಜನವರಿಯಲ್ಲಿ ಅದರ ಮಾಲೀಕ ಸಂಸ್ಥೆ ಸೇಲ್‌ನವರು ಕಾರ್ಖಾನೆ ಮುಚ್ಚೋ ತೀರ್ಮಾನ ಮಾಡಿದಾಗ ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತವರು ಗುತ್ತಿಗೆ ಕಾರ್ಮಿಕರೇ. ಮುಚ್ಚಿಹೋದ ಕಾಗದ ಕಾರ್ಖಾನೆ ಎಂಪಿಎಂ ಕತೆ ಎಲ್ಲರಿಗೂ ಗೊತ್ತು. ಒಂದು ಮಾತು ನೆನಪಿಟ್ಕೊಳ್ಳಿ, ಅವರು ಅಲ್ಲಿ ಒಟ್ಟಿಗೆ ಕೂತ್ರು. ನಿಮ್ಮ ಆಫೀಸಲ್ಲಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕ್ಯಾಬಿನ್‌ಗೆ ಕರೀತಿದಾರಾ?

ಪೋಸ್ಟಿಂಗ್_ಡೆಸ್ಕ್

ಹೌದು. ಒಬ್ಬೊಬ್ಬರನ್ನೇ. ಫೋನ್ ಹೊರಗಿಟ್ಟು ಬನ್ನಿ ಅಂತಾರೆ. "ಉಳಿದವರೆಲ್ಲ ಹಾಕಿದಾರೆ, ನೀವೊಬ್ಬರೇ ಬಾಕಿ" ಅಂತ ಎಲ್ಲರಿಗೂ ಹೇಳಿದಾರೆ.

ಭದ್ರಾವತಿ_ಕಾಗದನಗರ

ಹಾಗಾದ್ರೆ ಇವತ್ತೇ ಎಲ್ಲರೂ ಒಂದು ಕಡೆ ಸೇರಿ. ಮನೆ ಆದ್ರೂ ಆಯ್ತು, ಗಾಂಧಿ ಪಾರ್ಕ್ ಆದ್ರೂ ಆಯ್ತು.

ಹೊಸನಗರ_ಟು_ಡಲ್ಲಾಸ್

ಬೇರೆ ಕಡೆಯಿಂದ ಒಂದು ಮಾತು. ನನ್ನ ಹೆಂಡತಿ ಇಲ್ಲಿ ಅಮೆರಿಕದಲ್ಲಿ ಒಂದು ಕ್ಲಿನಿಕ್‌ನ ಫ್ರಂಟ್ ಡೆಸ್ಕ್‌ನಲ್ಲಿದಾಳೆ. ಅಲ್ಲಿ ಬಿಲ್ಲಿಂಗ್ ನೋಡ್ಕೊಳ್ತಿದ್ದ ಒಬ್ಬ ಹೆಂಗಸು ಇದ್ರು, ಪ್ರತಿ ಪೇಷಂಟಿನ ಇನ್ಶೂರೆನ್ಸ್ ಬಾಯಿಪಾಠ. ಕೆಲಸ ಭಾರತಕ್ಕೆ ಕೊಟ್ಟಾಗ ಅವರನ್ನ ತೆಗೆದ್ರು. ಹೋಗೋಕೆ ಮುಂಚೆ ಪ್ರತಿ ಇನ್ಶೂರೆನ್ಸ್ ಕಂಪನಿಗೆ ಏನೇನು ಮಾಡಬೇಕು ಅಂತ ಅವರ ಕೈಲೇ ಬರೆಸಿಕೊಂಡ್ರು. ಆ ಫೈಲ್ ಇಟ್ಕೊಂಡೇ ನಿಮ್ಮಂಥವರು ಯಾರೋ ಕಲಿತಿರ್ತಾರೆ. ಹೊರಗುತ್ತಿಗೆಯಿಂದ ಕೆಲಸ ಬಂದಾಗ ಖುಷಿ, ಹೋದಾಗ ಅನ್ಯಾಯ ಅನ್ನೋದು ನನಗೆ ಸರಿ ಕಾಣಲ್ಲ.

ತೀರ್ಥಹಳ್ಳಿ_ಮಳೆ

ಮಾರಾಯ್ರೇ, ಆ ಹೆಂಗಸಿಗೆ ಆಗಿದ್ದೂ ಅನ್ಯಾಯವೇ, ಈ ಅಕ್ಕಂಗೆ ಆಗ್ತಿರೋದೂ ಅನ್ಯಾಯವೇ. ಅಲ್ಲಿ ಆಯ್ತು ಅಂತ ಇಲ್ಲಿ ಸುಮ್ಮನಿರಬೇಕಾ? ಕೆಲಸ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ಹೋಗುವಾಗ ದುಡಿದವರ ಬಾಕಿ ಚುಕ್ತಾ ಮಾಡಿ ಹೋಗ್ಲಿ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯೋಕೆ ಬಂದವರಿಗೂ ನಾವು ಸಂಜೆ ಲೆಕ್ಕ ಮಾಡಿ ಕೊಡ್ತೀವಲ್ಲ.

ಹೊಸನಗರ_ಟು_ಡಲ್ಲಾಸ್

ಬಾಕಿ ವಿಷಯದಲ್ಲಿ ನನ್ನದೂ ಒಪ್ಪಿಗೆ ಇದೆ. ಕೆಲಸ ನಿಮ್ಮಲ್ಲೇ ಉಳಿಯಬೇಕು ಅನ್ನೋ ವಾದಕ್ಕೆ ಮಾತ್ರ ಹೇಳಿದ್ದು. ಇನ್ನೊಂದು, ಉಪಯೋಗಕ್ಕೆ ಬರಬಹುದು: ಬಿಲ್ಲಿಂಗ್ ಕಂಪನಿ ಪೇಷಂಟ್ ಮಾಹಿತಿಯನ್ನ ಮತ್ತೊಬ್ಬ ವೆಂಡರ್‌ಗೆ ಕೊಡಬೇಕಾದ್ರೆ ಅವರ ಜೊತೆ ಹಿಪಾ ಪ್ರಕಾರ ಲಿಖಿತ ಒಪ್ಪಂದ ಇರಬೇಕು. ಕ್ಲೈಂಟ್‌ಗೆ ಈ ವೆಂಡರ್ ವಿಷಯ ಗೊತ್ತಿದೆಯಾ ಅನ್ನೋದೇ ದೊಡ್ಡ ಪ್ರಶ್ನೆ.

ಹಳೇ_ಎಚ್‌ಆರ್

ಅದು ನಿಜ, ಆದ್ರೆ ಕ್ಲೈಂಟ್‌ಗೆ ನೇರ ಮೇಲ್ ಮಾಡೋ ದುಡುಕು ಬೇಡ. ಗೌಪ್ಯತೆ ಒಪ್ಪಂದ ಮುರಿದ್ರು ಅಂತ ನಿಮ್ಮನ್ನೇ ಹಿಡೀತಾರೆ. ಕಂಪನಿಯೊಳಗೆ ನಿಯಮ ಪಾಲನೆ ನೋಡೋ ಕಂಪ್ಲಯನ್ಸ್ ವಿಭಾಗಕ್ಕೆ ಬರೀರಿ. ಪೇಷಂಟ್ ಹೆಸರಿರೋ ಸ್ಕ್ರೀನಿನ ಫೋಟೋ ಯಾವ ಕಾರಣಕ್ಕೂ ತೆಗೀಬೇಡಿ.

ತೀರ್ಥಹಳ್ಳಿ_ಮಳೆ

ಇದಕ್ಕೆ ಸಂಬಂಧ ಇಲ್ಲದ್ದು, ಆದ್ರೂ ಕೇಳ್ತೀನಿ. ವರ್ಕ್ ಫ್ರಮ್ ಹೋಮ್ ಕೊಡೋ ಬಿಲ್ಲಿಂಗ್ ಕಂಪನಿ ಯಾವುದಾದ್ರೂ ಇದೆಯಾ? ನನಗೆ ಮೆಡಿಕಲ್ ಕೋಡಿಂಗ್‌ನ ಸಿಪಿಸಿ ಸರ್ಟಿಫಿಕೇಟ್ ಇದೆ.

ದುರ್ಗಿಗುಡಿ_82

ಜೂನ್‌ನಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಎರಡು ದಿನ ಮೆಸ್ಕಾಂ ಲೈನ್‌ಮ್ಯಾನ್ ದಾರಿ ಕಾಯ್ಬೇಕು ನಿಮ್ಮ ಕಡೆ. ಕೋಡಿಂಗ್ ಆದ್ರೆ ಹೇಗೋ ನಡೆಯುತ್ತೆ, ಕಾಲಿಂಗ್ ಆಗಲ್ಲ.

ತೀರ್ಥಹಳ್ಳಿ_ಮಳೆ

ಇನ್ವರ್ಟರ್ ಇದೆ, ಫೈಬರ್ ಬಂದಿದೆ. ಹಳೇ ಕಾಲದ ಮಾತು ಬಿಡಿ.

ಸವಳಂಗ_ರೋಡ್

ಮುಖ್ಯ ವಿಷಯಕ್ಕೆ ಬನ್ನಿ. ಮಾರ್ಕ್ಸ್ ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಇವರು ಒರಿಜಿನಲ್ ಇಟ್ಕೊಳ್ಳೋದೇ ಬಾಂಡ್ (ಇಷ್ಟು ವರ್ಷ ಕೆಲಸ ಬಿಡಲ್ಲ, ಬಿಟ್ರೆ ದುಡ್ಡು ಕಟ್ತೀನಿ ಅನ್ನೋ ಒಪ್ಪಂದ) ಮುರೀಬಾರದು ಅಂತ. ಬಾಂಡ್ ಅನ್ನೋದು ಕಾನೂನಿನಲ್ಲಿ ಊರ್ಜಿತವೇ ಅಲ್ಲ, ಹೆದರಬೇಡಿ.

ಹಳೇ_ಎಚ್‌ಆರ್

ಹಾಗೆ ಅಡ್ಡಗೆರೆ ಎಳೆಯೋ ಹಾಗಿಲ್ಲ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಸೇವಾವಧಿ ಮುಗಿಸದೆ ಬಿಟ್ಟು ಹೋದವರಿಂದ 2 ಲಕ್ಷ ಕೇಳೋ ಬಾಂಡನ್ನ ಎತ್ತಿ ಹಿಡಿದಿದೆ. ಅಲ್ಲಿ ಸಾರ್ವಜನಿಕ ಬ್ಯಾಂಕಿನ ನೇಮಕಾತಿ ಖರ್ಚು ಇತ್ಯಾದಿ ನೋಡಿದ್ರು. ಬಾಂಡ್ ಇರೋವಷ್ಟಕ್ಕೇ ಅಸಿಂಧು ಅನ್ನೋದೂ ತಪ್ಪು, ಬರೆದಷ್ಟೂ ಕೊಡಲೇಬೇಕು ಅನ್ನೋದೂ ತಪ್ಪು. ಒರಿಜಿನಲ್ ದಾಖಲೆ ಮಾತ್ರ ಬೇರೆ ವಿಷಯ. "ಇಂಥ ದಿನ ಕೊಟ್ಟಿದ್ದೆ, ವಾಪಸ್ ಕೊಡಿ" ಅಂತ ಮೇಲ್ ಮಾಡಿ, ಕೈಗೆ ಬಂದಾಗ ಎಣಿಸಿಕೊಳ್ಳಿ. ಕೊಡಲೇ ಇಲ್ಲ ಅಂದ್ರೆ ಪೊಲೀಸ್ ಠಾಣೆಗೆ ದೂರು. ಕುವೆಂಪು ಯೂನಿವರ್ಸಿಟಿಯ ಡಿಗ್ರಿ ಆಗಿದ್ರೆ ಶಂಕರಘಟ್ಟದಲ್ಲಿ ಡೂಪ್ಲಿಕೇಟಿಗೆ ಅರ್ಜಿ ಹಾಕಬಹುದು, ಅದು ಕೊನೆಯ ದಾರಿ.

ಗೋಪಿ_ಸರ್ಕಲ್

ಅಕ್ಕ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಜಿಲ್ಲಾ ಕೋರ್ಟ್‌ಗೆ ಹೋಗಿ ಕೇಳಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ. ಆ ಫಾರ್ಮಿನ ಫೋಟೋ, ಅಪಾಯಿಂಟ್‌ಮೆಂಟ್ ಲೆಟರ್, ಸ್ಯಾಲರಿ ಸ್ಲಿಪ್‌ಗಳು, ಪಿಎಫ್ ಪಾಸ್‌ಬುಕ್ ಪ್ರಿಂಟ್ ಹಿಡ್ಕೊಂಡು ಹೋಗಿ.

ಪೋಸ್ಟಿಂಗ್_ಡೆಸ್ಕ್

ಶುಕ್ರವಾರದ ವಿಷಯ ತಿಳಿಸಿ ಅಂತ ತುಂಬ ಜನ ಮೆಸೇಜ್ ಮಾಡಿ ಕೇಳಿದ್ರಿ. ಬುಧವಾರ ಸಂಜೆ ಹದಿನಾಲ್ಕು ಜನ ಒಬ್ಬರ ಮನೇಲಿ ಸೇರಿದ್ವಿ. ಅಲ್ಲಿ ಕೂತು ಕೇಳಿದಾಗ ಗೊತ್ತಾಗಿದ್ದು, ಸಹಿ ಹಾಕಿದ್ದವರು ಇಬ್ಬರೇ. ಅವರಿಗೂ "ಎಲ್ಲರೂ ಹಾಕಿದಾರೆ" ಅಂತಲೇ ಹೇಳಿದ್ರಂತೆ. ಪ್ರಾಧಿಕಾರದ ವಕೀಲೆ ಮೇಡಂ ಒಂದು ಪುಟದ ಪತ್ರ ಮಾಡಿಕೊಟ್ರು: ನಾವು ರಾಜೀನಾಮೆ ಕೊಡ್ತಿಲ್ಲ, ಕೆಲಸಕ್ಕೆ ಬರ್ತೀವಿ, ವರ್ಗಾವಣೆ ಆದ್ರೆ ಸರ್ವಿಸ್ ಮುಂದುವರಿಸಿ ಬರಹದಲ್ಲಿ ಕೊಡಿ, ಆಗದಿದ್ರೆ ಕಾನೂನಿನ ಪ್ರಕಾರ ನೋಟಿಸ್ ಮತ್ತು ಪರಿಹಾರ ಕೊಡಿ, ಒರಿಜಿನಲ್ ದಾಖಲೆ ವಾಪಸ್ ಕೊಡಿ. ಹನ್ನೆರಡು ಜನ ಸಹಿ ಹಾಕಿ ಮೇಲ್ ಮಾಡಿದ್ವಿ, ಕಾಪಿ ಕಾರ್ಮಿಕ ಇಲಾಖೆ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಂಡ್ವಿ. ಮೊದಲೇ ಸಹಿ ಹಾಕಿದ ಇಬ್ಬರ ಹೆಸರಲ್ಲಿ ಒತ್ತಡದಿಂದ ಹಾಕಿದ್ದು, ಹಿಂದಕ್ಕೆ ತಗೊಳ್ತಿದೀವಿ ಅಂತ ಬೇರೆ ಪತ್ರ.

ಶುಕ್ರವಾರ ಯಾರನ್ನೂ ಕ್ಯಾಬಿನ್‌ಗೆ ಕರೀಲಿಲ್ಲ. ಮಾರ್ಕ್ಸ್ ಕಾರ್ಡ್ ಎಲ್ಲರಿಗೂ ವಾಪಸ್ ಬಂತು. ವೆಂಡರ್ ವಿಷಯ ಬಿಟ್ಟಿಲ್ಲ, "ಪರಿಶೀಲಿಸುತ್ತಿದ್ದೇವೆ" ಅಂತ ಎರಡು ಸಾಲಿನ ಮೇಲ್ ಬಂದಿದೆ. ಲಾಗಿನ್ ಯಾರೂ ಕೇಳ್ತಿಲ್ಲ. ನನ್ನ ಪಕ್ಕ ಕೂರೋ ಹೊಸ ಹುಡುಗನ ಪಿಎಫ್ ಪಾಸ್‌ಬುಕ್ ನಾನೇ ತೆಗೆದು ನೋಡಿದೆ, ಅವನದ್ದೂ ಖಾಲಿ. ಅವರ ಬ್ಯಾಚಿನವರಿಗೂ ದೂರು ಹಾಕೋಕೆ ಹೇಳಿದೀನಿ.

ದುರ್ಗಿಗುಡಿ_82

ಒಳ್ಳೇದಾಯ್ತು. ಮುಂದಿನ ಮೀಟಿಂಗಿಗೆ ಒಬ್ಬೊಬ್ಬರೇ ಹೋಗಬೇಡಿ. ಏನು ಮಾತಾಡಿದ್ರು ಅಂತ ಹೊರಗೆ ಬಂದ ತಕ್ಷಣ ಅವರಿಗೇ ಮೇಲ್ ಹಾಕಿ.

ಹೊಸ_ಬ್ಯಾಚ್

ನಾನೂ ದೂರು ಹಾಕಿದೆ, ರಿಜಿಸ್ಟ್ರೇಷನ್ ನಂಬರ್ ಬಂತು. ಇನ್ನೊಂದು ಡೌಟ್: ಇದಕ್ಕಿಂತ ಮುಂಚೆ ನಾಲ್ಕು ತಿಂಗಳು ಕೆಲಸ ಮಾಡಿದ ಕಡೆಯವರು ಪಿಎಫ್‌ನಲ್ಲಿ ಎಕ್ಸಿಟ್ ಡೇಟ್ ಹಾಕಿಲ್ಲ, ಅದಕ್ಕೆ ಆ ದುಡ್ಡು ಟ್ರಾನ್ಸ್‌ಫರ್ ಆಗ್ತಿಲ್ಲ. ಅವರು ಫೋನ್ ಎತ್ತಲ್ಲ.

ಹಳೇ_ಎಚ್‌ಆರ್

ಅವರನ್ನ ಕಾಯಬೇಡ. ಆ ಕಂಪನಿಯವರು ಕೊನೆಯ ಸಲ ಪಿಎಫ್ ಕಟ್ಟಿ ಎರಡು ತಿಂಗಳು ಕಳೆದಿದ್ರೆ ಯುಎಎನ್ ಪೋರ್ಟಲ್‌ನಲ್ಲಿ "ಮಾರ್ಕ್ ಎಕ್ಸಿಟ್" ಅಂತ ಇದೆ, ಆಧಾರ್ ಒಟಿಪಿ ಕೊಟ್ಟು ನೀನೇ ಹಾಕಬಹುದು. ರಿಲೀವಿಂಗ್ ಲೆಟರ್ ಇದ್ರೆ ಅದರಲ್ಲಿರೋ ತಾರೀಕನ್ನೇ ಹಾಕು. ಒಮ್ಮೆ ಹಾಕಿದ ಮೇಲೆ ತಿದ್ದಿಸೋದು ದೊಡ್ಡ ಓಡಾಟ.